ಮಠದ ಸ್ವಾಯತ್ತತೆ ಮತ್ತು ಲೆಕ್ಕದ ಹೊಣೆ

ದೇವಾಲಯಗಳ ಆದಾಯದ ಮೇಲೆ ಸರ್ಕಾರದ ಹಕ್ಕು ಎಷ್ಟು ಎಂಬ ಚರ್ಚೆ 2024ರ ಫೆಬ್ರವರಿಯಲ್ಲಿ ಮತ್ತೆ ಕಾವೇರಿತು. ಒಂದು ಕೋಟಿ ರೂಪಾಯಿ ಮೀರಿದ ವಾರ್ಷಿಕ ಆದಾಯದಲ್ಲಿ ಶೇಕಡಾ 10ರಷ್ಟನ್ನು ಪಡೆಯುವ ತಿದ್ದುಪಡಿ ಮಸೂದೆಯು ವಿಧಾನ ಪರಿಷತ್ತಿನಲ್ಲಿ ಬಿದ್ದು, ವಿಧಾನಸಭೆಯಲ್ಲಿ ಪುನಃ ಅಂಗೀಕಾರವಾಯಿತು. 1997ರ ಈ ಧಾರ್ಮಿಕ ದತ್ತಿ ಕಾಯ್ದೆ ಮಠಗಳಿಗೆ ಅನ್ವಯಿಸುವುದಿಲ್ಲ. ಆದರೆ ನಾವು ನಿಶ್ಚಿಂತರಾಗಿರುವಂತಿಲ್ಲ. 2014ರ ಡಿಸೆಂಬರಿನ ಬೆಳಗಾವಿ ಅಧಿವೇಶನದಲ್ಲಿ ಮಠಗಳನ್ನೂ ಕಾಯ್ದೆಯ ವ್ಯಾಪ್ತಿಗೆ ತರುವ ಮಸೂದೆ ಮಂಡನೆಯಾಗಿತ್ತು. ತೀವ್ರ ವಿರೋಧದಿಂದಾಗಿ ಸರ್ಕಾರ ಅದನ್ನು ಹಿಂಪಡೆಯಿತು.

ಇಂಥ ಹಸ್ತಕ್ಷೇಪ ಎಲ್ಲಿಗೆ ಮುಟ್ಟಬಲ್ಲದೆಂಬುದಕ್ಕೆ ಯುರೋಪಿನ ಇತಿಹಾಸವೇ ಸಾಕ್ಷಿ. 1780ರ ದಶಕದಲ್ಲಿ ಆಸ್ಟ್ರಿಯದ ಚಕ್ರವರ್ತಿ ಎರಡನೆಯ ಜೋಸೆಫ್, ಶಿಕ್ಷಣ ಹಾಗೂ ರೋಗಿಸೇವೆಯಲ್ಲಿ ತೊಡಗದೆ ಧ್ಯಾನಕ್ಕಷ್ಟೇ ಮೀಸಲಾಗಿದ್ದ ನೂರಾರು ಕ್ಯಾಥೋಲಿಕ್ ಮಠಗಳನ್ನು ಮುಚ್ಚಿಸಿದನು. ಅವುಗಳ ಆಸ್ತಿಯಿಂದ ಧರ್ಮನಿಧಿಯೊಂದನ್ನು ಕಟ್ಟಿ ಹೊಸ ಚರ್ಚುಗಳಿಗೂ ಪಾದ್ರಿಗಳ ವೇತನಕ್ಕೂ ಬಳಸಿದನು. ಉದ್ದೇಶದಲ್ಲಿ ಲೋಕಹಿತವಿತ್ತು. ಆದರೆ ಅಲ್ಲಿಗೇ ನಿಲ್ಲದೆ, ಪೂಜೆಯಲ್ಲಿ ಎಷ್ಟು ಮೇಣದ ಬತ್ತಿಗಳು ಉರಿಯಬೇಕೆಂಬುದನ್ನೂ ಅರಮನೆಯೇ ನಿರ್ಧರಿಸತೊಡಗಿತು. 1782ರಲ್ಲಿ ಪೋಪ್ ಆರನೆಯ ಪಯಸ್ ಸ್ವತಃ ವಿಯೆನ್ನಾಕ್ಕೆ ತೆರಳಿದರೂ ದೊರೆಯ ಮನಸ್ಸು ಬದಲಾಗಲಿಲ್ಲ.

ಆಸ್ತಿಗೂ ಆಚರಣೆಗೂ ನಡುವಣ ಗೆರೆಯನ್ನು ನಮ್ಮಲ್ಲಿ ಎಳೆದದ್ದು ನ್ಯಾಯಾಲಯ. ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1954ರ ಮಾರ್ಚಿನಲ್ಲಿ ತೀರ್ಪಿತ್ತಿತು. ಯಾವ ಆಚರಣೆ ಧರ್ಮಕ್ಕೆ ಅಗತ್ಯವೆಂಬುದನ್ನು ಆ ಧರ್ಮದ ತತ್ತ್ವಗಳಿಂದಲೇ ತಿಳಿಯಬೇಕು. ಅಧಿಕಾರಿಗಳು ಮಠದೊಳಗೆ ಮನಬಂದಂತೆ ಪ್ರವೇಶಿಸುವಂತಿಲ್ಲ. ಆದರೆ ಆಸ್ತಿಯ ಆಡಳಿತವನ್ನು ಕಾನೂನಿನ ಮೂಲಕ ನಿಯಂತ್ರಿಸಬಹುದು ಎಂಬುದು ಅದರ ಸಾರ. ಅದೇ ತಿಂಗಳು, ಆಗ ಧಾರವಾಡ ಜಿಲ್ಲೆಯೂ ಸೇರಿದ್ದ ಮುಂಬಯಿ ರಾಜ್ಯದ ಸಾರ್ವಜನಿಕ ನ್ಯಾಸ ಕಾಯ್ದೆಯ ವಿಚಾರದಲ್ಲಿಯೂ ನ್ಯಾಯಾಲಯ ಇದೇ ನಿಲುವನ್ನು ತಳೆಯಿತು.

ಆದುದರಿಂದ ವಿನಾಯಿತಿಯೆಂದರೆ ಲೆಕ್ಕದಿಂದ ಬಿಡುಗಡೆಯಲ್ಲ. ದಾಸೋಹಕ್ಕೆಂದು ಬಂದ ಕಾಳು, ಕಾಣಿಕೆ, ಹೊಲ ಯಾವುದೂ ಪೀಠದಲ್ಲಿರುವವರದಲ್ಲ, ಕಾರ್ಯದರ್ಶಿಯದಂತೂ ಅಲ್ಲ, ಅದು ಸಮಾಜದ್ದು. ಜಮೀನಿನ ಉತಾರ ಮಠದ ಹೆಸರಿನಲ್ಲಿಯೇ ಇರಬೇಕು. ವರ್ಷದ ಜಮಾ-ಖರ್ಚನ್ನು ಲೆಕ್ಕಪರಿಶೋಧನೆ ಮಾಡಿಸಿ ಜಾತ್ರೆಯ ವೇಳೆ ಭಕ್ತರ ಸಭೆಯಲ್ಲಿ ಓದಿ ಹೇಳಬೇಕು. ಪ್ರಶ್ನಿಸಿದವರನ್ನು ಮಠದ್ರೋಹಿಗಳೆಂದು ಕಾಣಬಾರದು. ಭಕ್ತರಿಗೆ ಲೆಕ್ಕ ತೋರದ ಮಠವು ಸರ್ಕಾರವನ್ನು ತಾನೇ ಬಾಗಿಲಿಗೆ ಕರೆದಂತೆ. ಕಾಯಕ ಶುದ್ಧವಾಗಿದ್ದಲ್ಲಿ ಸ್ವಾಯತ್ತತೆಯನ್ನು ಕೇಳುವ ನೈತಿಕ ಬಲ ತಾನಾಗಿಯೇ ಒದಗುತ್ತದೆ.