ಜಾಣ್ಮೆಯ ಆಟವಂತೆ, ಲೆಕ್ಕ ನೋಡೋಣ

ಆನ್‌ಲೈನ್ ಪೋಕರ್ ಜೂಜಲ್ಲ, ಜಾಣ್ಮೆಯ ಆಟ ಎಂಬ ಮಾತನ್ನು ನಮ್ಮ ಪ್ರಸಾದ ನಿಲಯಗಳ ಹುಡುಗರೂ ಆಡತೊಡಗಿದ್ದಾರೆ. ಪಾಪವೆಂದು ಬೈದರೆ ಅವರು ಕೇಳುವುದಿಲ್ಲ. ಬೈಯುವ ಹಿರಿಯರಿಗೆ ಆಟದ ಒಳಗೂ ಗೊತ್ತಿರುವುದಿಲ್ಲ. ಆದ್ದರಿಂದ ಶರಣ ಬಂಧುಗಳು ಮೊದಲು ಪಣದ ಕಟ್ಟಳೆಯನ್ನೇ ಅರಿಯಬೇಕು.

ಹೆಚ್ಚು ಜನ ಆಡುವ ಟೆಕ್ಸಾಸ್ ಹೋಲ್ಡೆಮ್‌ನಲ್ಲಿ ಎಲೆ ನೋಡುವ ಮೊದಲೇ ಇಬ್ಬರು ಕಡ್ಡಾಯವಾಗಿ ದುಡ್ಡಿಡಬೇಕು. ಇದು ಬ್ಲೈಂಡ್, ಸರದಿಯಂತೆ ಎಲ್ಲರ ಪಾಲಿಗೂ ಬರುತ್ತದೆ. ಆಮೇಲೆ ನಾಲ್ಕು ಸುತ್ತು ಪಣ. ಪಣ ಏರಿಸುವುದರಲ್ಲಿ ಮೂರು ಬಗೆ. ‘ಲಿಮಿಟ್’ ಆಟದಲ್ಲಿ ಏರಿಕೆ ಗೊತ್ತುಪಡಿಸಿದ ಮೊತ್ತ, ಕೊನೆಯ ಎರಡು ಸುತ್ತಿಗೆ ಅದರ ಇಮ್ಮಡಿ. ‘ಪಾಟ್ ಲಿಮಿಟ್’ನಲ್ಲಿ ನಡುವಿನ ರಾಶಿಯಷ್ಟು ಏರಿಸಬಹುದು. ಕೇಳಲಿಕ್ಕೆ ಮಿತಿ. ಆದರೆ ಮೊದಲ ಸುತ್ತಿಗೆ ರಾಶಿ 30 ರೂಪಾಯಿ ಆಗಿದ್ದು, ಒಬ್ಬ 30 ಇಟ್ಟು ಇನ್ನೊಬ್ಬ ಸರಿಗಟ್ಟಿದರೆ 90. ಮುಂದಿನ ಸುತ್ತಿಗೆ 270, ಕೊನೆಗೆ 810! ‘ನೋ ಲಿಮಿಟ್’ನಲ್ಲಂತೂ ಮುಂದಿರುವ ಅಷ್ಟೂ ದುಡ್ಡನ್ನು ಒಂದೇ ಏಟಿಗೆ ಸುರಿಯಬಹುದು. ಹೊಸಬರಿಗೆ ಲಿಮಿಟ್ ಸುರಕ್ಷಿತ ಎಂದು ಕಲಿಸುವವರಿದ್ದಾರೆ. ನಿಧಾನವಾಗಿ ಸೋಲುವುದಕ್ಕೆ ಎಂಥ ಒಳ್ಳೆಯ ಹೆಸರು.

ಅವರು ತೇಲಿಸಿಬಿಡುವ ಮಾತು ರೇಕ್‌ನದು. ಪ್ರತಿ ಆಟದ ರಾಶಿಯಿಂದ ಕಂಪನಿ ಎತ್ತಿಕೊಳ್ಳುವ ಪಾಲು ಅದು. ಆರು ಜನ ತಲಾ 200 ರೂಪಾಯಿ ತಂದು ಕೂತರೆಂದಿಟ್ಟುಕೊಳ್ಳಿ, ಒಟ್ಟು 1,200. ಒಂದೊಂದು ಆಟಕ್ಕೆ 40 ರೂಪಾಯಿ ಕೂಡಿ, ನೂರಕ್ಕೆ ಐದರಂತೆ 2 ರೂಪಾಯಿ ಕಂಪನಿಗೆ ಹೋದರೆ, ಗಂಟೆಗೆ 60 ಆಟಕ್ಕೆ 120. ಇದೇ ಗತಿಯಲ್ಲಿ ಹತ್ತು ಗಂಟೆಗೆ ಆರೂ ಜನರ ಗಂಟು ಖಾಲಿ. ಯಾರು ಜಾಣ, ಯಾರು ದಡ್ಡ ಎಂಬುದು ಈ ಲೆಕ್ಕಕ್ಕೆ ಬೇಕೇ ಇಲ್ಲ. ಜಾಣನೊಬ್ಬ ನಡುವೆಯೇ ಗೆದ್ದು ಎದ್ದರೆ ಅದು ಪಕ್ಕದವನ ಜೇಬಿನದು. ಅಲ್ಲಿ ಒಂದು ಕಾಳು ಬೆಳೆದಿಲ್ಲ, ಒಂದು ಮೊಳ ಬಟ್ಟೆ ನೇಯ್ದಿಲ್ಲ. ದಿನಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಮಾರಯ್ಯನನ್ನು ಲಕ್ಕಮ್ಮ ತಿರುಗಿ ಕಳಿಸಿದ ಪರಂಪರೆಯಲ್ಲಿ ನಿಂತು ಇದನ್ನು ವೃತ್ತಿ ಎನ್ನುವುದು ಹೇಗೆ?

2021ರಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಇಂಥ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದನ್ನು ರದ್ದುಮಾಡಿತು. ಅಲ್ಲಿ ಗೆದ್ದದ್ದು ಜಾಣ್ಮೆಯ ವಾದವೇ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ಆ ಭೇದವನ್ನು ಬದಿಗಿಟ್ಟಿತು: ಜಾಣ್ಮೆಯೋ ಅದೃಷ್ಟವೋ, ಹಣ ಕಟ್ಟಿಸಿಕೊಂಡು ಆನ್‌ಲೈನ್ ಆಟ ನಡೆಸುವುದೂ ಅದರ ಜಾಹೀರಾತೂ ಅಪರಾಧ. ಆಡಿದವನಿಗೆ ಶಿಕ್ಷೆಯಿಲ್ಲ. ಅದು ಸರಿಯಾದದ್ದೇ.

ಕಾಯ್ದೆ ಬಂತೆಂದು ಸುಮ್ಮನೆ ಕೂರುವಂತಿಲ್ಲ. ದೀಪಾವಳಿ ರಾತ್ರಿ ಜಗಲಿಯ ಮೇಲೆ ಇಸ್ಪೀಟು ಹಾಸುವ ಹಿರಿಯರು ಹುಡುಗರ ಫೋನು ಕಸಿಯುವುದು ಯಾವ ನ್ಯಾಯ? ಪ್ರಸಾದ ನಿಲಯಗಳಲ್ಲಿ ಒಂದು ಸಂಜೆ ಕರಿಹಲಗೆಯ ಮೇಲೆ ಈ 1,200 ರೂಪಾಯಿಯ ಲೆಕ್ಕ ಬಿಡಿಸಿ ತೋರಿಸಲಿ. ಸಾಲಕ್ಕೆ ಸಿಕ್ಕ ಹುಡುಗ ಬಾಯಿಬಿಟ್ಟರೆ ನಿಲಯದಿಂದ ಹೊರಹಾಕುವುದಿಲ್ಲವೆಂದು ಅಂದೇ, ಎಲ್ಲರ ಮುಂದೆ, ಮಠದವರು ಮಾತು ಕೊಡಲಿ.