ಧೈರ್ಯ ಹೇಳಿದರಷ್ಟೇ ಸಾಲದು

ಮನೆಯಲ್ಲಿ ಸಾವು ಸಂಭವಿಸಿದಾಗ ನೋಡಲು ಬಂದವರೆಲ್ಲ ಸಾಮಾನ್ಯವಾಗಿ ಹೇಳುವ ಮಾತು ಒಂದೇ: 'ಧೈರ್ಯ ತಂದುಕೊಳ್ಳಿ, ಆದದ್ದು ಆಗಿಹೋಯಿತು.' ಗಂಡಸಾದರೆ ಇನ್ನೊಂದು ಮಾತೂ ಸೇರುತ್ತದೆ: 'ನೀನೇ ಹೀಗೆ ಕೂತರೆ ಉಳಿದವರ ಗತಿಯೇನು?' ಹೇಳುವವರ ಉದ್ದೇಶ ಒಳ್ಳೆಯದೇ. ಆದರೆ ಧೈರ್ಯವೊಂದರಿಂದಲೇ ದುಃಖ ವಾಸಿಯಾಗುವುದಿಲ್ಲ. ಇದಕ್ಕೆ ಕ್ರೀಡಾಲೋಕದ ಒಂದು ಉದಾಹರಣೆಯನ್ನು ನಿಮ್ಮ ಮುಂದಿಡುತ್ತೇನೆ.

ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಸ್ಪೀಡ್ ಸ್ಕೇಟಿಂಗ್ ಎಂಬ ಸ್ಪರ್ಧೆಯಿದೆ. ಬೂಟಿನ ಅಡಿಗೆ ಜೋಡಿಸಿದ, ಸುಮಾರು ಒಂದು ಮಿಲಿಮೀಟರ್ ದಪ್ಪದ ಉಕ್ಕಿನ ಅಲಗಿನ ಮೇಲೆ ನಿಂತು, 400 ಮೀಟರ್ ಸುತ್ತಳತೆಯ ಮಂಜುಗಡ್ಡೆಯ ಟ್ರ್ಯಾಕ್ ಮೇಲೆ ಜಾರುತ್ತ ಸಾಗಬೇಕು. 1000 ಮೀಟರ್ ಎಂದರೆ ಎರಡೂವರೆ ಸುತ್ತು. ಸೊಂಟ, ಮಂಡಿಗಳನ್ನು ಬಗ್ಗಿಸಿಕೊಂಡೇ ಇರಬೇಕಾದ್ದರಿಂದ ತೊಡೆಯ ಸ್ನಾಯುಗಳು ಬಿಗಿದುಕೊಂಡಿರುತ್ತವೆ. ಅಲ್ಲಿಗೆ ರಕ್ತ ಸಲೀಸಾಗಿ ಹರಿಯದೆ, ಆಮ್ಲಜನಕ ಸಾಲದೆ, ಕೊನೆಯ ಸುತ್ತಿನಲ್ಲಿ ಕಾಲುಗಳು ಉರಿಯತೊಡಗುತ್ತವೆ. ವೇಗವೋ ಗಂಟೆಗೆ 50 ಕಿ.ಮೀ. ಆಸುಪಾಸು. ಕ್ಷಣಕಾಲ ಗಮನ ತಪ್ಪಿದರೂ ಬೀಳುವ ಅಪಾಯವಿದೆ.

ಅಮೆರಿಕದ ಡ್ಯಾನ್ ಜಾನ್ಸೆನ್ ಒಂಬತ್ತು ಮಕ್ಕಳ ಕುಟುಂಬದ ಕಿರಿಯ ಮಗ. 1988ರ ಫೆಬ್ರುವರಿಯಲ್ಲಿ ವಿಶ್ವ ಸ್ಪ್ರಿಂಟ್ ಚಾಂಪಿಯನ್ ಆಗಿ ಕೆನಡಾದ ಕ್ಯಾಲ್ಗರಿ ಒಲಿಂಪಿಕ್ಸ್‌ಗೆ ಬಂದಿದ್ದ. ಫೆಬ್ರುವರಿ 14ರಂದು ಅವನ 500 ಮೀಟರ್ ಸ್ಪರ್ಧೆ. ಅದೇ ದಿನ ಅವನ ಅಕ್ಕ ಜೇನ್ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡಳು. ಆಕೆಗೆ 27 ವರ್ಷ, ಮೂವರು ಪುಟ್ಟ ಹೆಣ್ಣುಮಕ್ಕಳು. ಡ್ಯಾನ್ ಅಂದೇ ಸ್ಪರ್ಧೆಗೆ ಇಳಿದ. ಮೊದಲ ತಿರುವಿನಲ್ಲೇ ಬಿದ್ದ. ನಾಲ್ಕು ದಿನಗಳ ನಂತರ 1000 ಮೀಟರಿನಲ್ಲಿ ಎಲ್ಲರಿಗಿಂತ ವೇಗವಾಗಿ ಸಾಗುತ್ತಿದ್ದವನು, ಗುರಿಗೆ ಸುಮಾರು 200 ಮೀಟರ್ ಇರುವಾಗ ಮತ್ತೆ ಬಿದ್ದ.

ದುಃಖವೇ ಅವನನ್ನು ಬೀಳಿಸಿತೆಂದು ಆಣೆಯಿಟ್ಟು ಹೇಳಲಾಗದು. ದುಃಖವಿಲ್ಲದವರೂ ಮಂಜುಗಡ್ಡೆಯ ಮೇಲೆ ಬೀಳುತ್ತಾರೆ. ಆದರೆ ಆಪ್ತರ ಸಾವು ನಿದ್ರೆ, ಹಸಿವು, ಏಕಾಗ್ರತೆ ಮೂರನ್ನೂ ಕೆಡಿಸುತ್ತದೆ ಎಂಬುದು ವೈದ್ಯರಿಗೆ ಚೆನ್ನಾಗಿ ಗೊತ್ತು. ಸಾವಾದ ಮನೆಯಲ್ಲಿ ಗ್ಯಾಸ್ ಆರಿಸಲು ಮರೆಯುವುದು, ಸ್ಕೂಟರ್ ಓಡಿಸುವಾಗ ಎಡವಟ್ಟಾಗುವುದು, ಕಲಿತ ಪಾಠ ಪರೀಕ್ಷೆಯಲ್ಲಿ ನೆನಪಿಗೆ ಬಾರದಿರುವುದು ನೀವೂ ಕಂಡಿರಬಹುದು. ಇದು ಹೇಡಿತನವಲ್ಲ, ದೇಹದ ಸಹಜ ಪ್ರತಿಕ್ರಿಯೆ.

1992ರ ಆಲ್ಬರ್ಟ್‌ವಿಲ್ ಒಲಿಂಪಿಕ್ಸ್‌ನಲ್ಲಿ ಡ್ಯಾನ್ 500 ಮೀಟರಿನಲ್ಲಿ ನಾಲ್ಕನೆಯವನಾದ, 1000 ಮೀಟರಿನಲ್ಲಿ 26ನೆಯವನಾದ. ಇಂಥವನಿಗೆ 'ಗಟ್ಟಿ ಮನಸ್ಸು ಮಾಡು' ಎನ್ನುವುದು ಸುಲಭ. ಅವನು ಮಾಡಿದ್ದು ಬೇರೆ. ಜಿಮ್ ಲೋರ್ ಎಂಬ ಕ್ರೀಡಾ ಮನೋವಿಜ್ಞಾನಿಯ ನೆರವು ಪಡೆದ. 1000 ಮೀಟರ್ ಎಂದರೆ ಡ್ಯಾನ್‌ಗೆ ಅಳುಕು. ಕೊನೆಯಲ್ಲಿ ತನ್ನ ಶಕ್ತಿ ಸಾಲದೆಂಬ ಭಾವನೆ. ಆ ಓಟ ತನಗೆ ಪ್ರಿಯವೆಂದು ದಿನವೂ ಬರೆಯುವಂತೆ ಲೋರ್ ಸೂಚಿಸಿದರು. ಕೇಳಲು ಬಾಲಿಶವೆನಿಸಿದರೂ ಡ್ಯಾನ್ ಅದನ್ನು ಪಾಲಿಸಿದ.

ಸಲಹೆ ಪಡೆದ ಮಾತ್ರಕ್ಕೆ ಜಾರುವುದು ನಿಲ್ಲಲಿಲ್ಲ. 1994ರಲ್ಲಿ ನಾರ್ವೆಯ ಲಿಲ್ಲೆಹ್ಯಾಮರ್ ಒಲಿಂಪಿಕ್ಸ್‌ನ 500 ಮೀಟರಿನಲ್ಲಿ ಜಾರಿ ಎಂಟನೆಯವನಾದ. ಅಂದೂ ಫೆಬ್ರುವರಿ 14, ಅಕ್ಕ ಸತ್ತ ದಿನ. ಫೆಬ್ರುವರಿ 18ರಂದು ಹಾಮಾರ್ ನಗರದ ಕ್ರೀಡಾಂಗಣದಲ್ಲಿ 1000 ಮೀಟರ್. ಅವನ ಕೊನೆಯ ಒಲಿಂಪಿಕ್ ಸ್ಪರ್ಧೆ. ತಿರುವೊಂದರಲ್ಲಿ ಮತ್ತೆ ಕಾಲು ಜಾರಿತು; ಸಾವರಿಸಿಕೊಂಡ. 1 ನಿಮಿಷ 12.43 ಸೆಕೆಂಡ್: ವಿಶ್ವದಾಖಲೆ, ಚಿನ್ನದ ಪದಕ. ಬಳಿಕ ವರ್ಷ ತುಂಬದ ಮಗಳನ್ನು ಎತ್ತಿಕೊಂಡು ಕ್ರೀಡಾಂಗಣ ಸುತ್ತಿದ. ಆ ಮಗುವಿನ ಹೆಸರೂ ಜೇನ್. ಆರು ವರ್ಷಗಳಲ್ಲಿ ಅವನು ಅಕ್ಕನನ್ನು ಮರೆತಿರಲಿಲ್ಲ, ಮರೆಯಬೇಕಾಗಿಯೂ ಇರಲಿಲ್ಲ.

ನಾನು ಹೇಳಬಯಸುವುದು ಇಷ್ಟೇ. ಕೀಲುನೋವಿಗೆ ವೈದ್ಯರ ಬಳಿ ಹೋಗಲು ನಾಚದ ನಾವು, ಮನಸ್ಸಿನ ನೋವಿಗೆ ಹೋಗಲು 'ಜನ ಹುಚ್ಚು ಎಂದಾರು' ಎಂದು ಹೆದರುತ್ತೇವೆ. ವಿಶ್ವ ಚಾಂಪಿಯನ್ನನಿಗೇ ನೆರವು ಬೇಕಾಯಿತು ಎಂದ ಮೇಲೆ ನಮಗೇಕೆ ಸಂಕೋಚ?

ದುಃಖದಲ್ಲಿರುವವರಿಗೆ ಅಳಲು ಬಿಡಿ. ಸತ್ತವರ ಹೆಸರೆತ್ತಲು ಹಿಂಜರಿಯಬೇಡಿ. ಹೊತ್ತಿಗೆ ಸರಿಯಾಗಿ ಊಟ, ನಿದ್ರೆ ಆಗುವಂತೆ ನೋಡಿಕೊಳ್ಳಿ. ಹೆಚ್ಚಿನವರು ಕಾಲಕ್ರಮದಲ್ಲಿ ಚೇತರಿಸಿಕೊಳ್ಳುತ್ತಾರೆ. ಎಲ್ಲರಿಗೂ ಚಿಕಿತ್ಸೆ ಬೇಕಿಲ್ಲ. ಆದರೆ ತಿಂಗಳುಗಳು ಕಳೆದರೂ ನಿದ್ರೆ ಬಾರದಿದ್ದರೆ, ಕೆಲಸಕ್ಕೆ ಹೋಗಲಾಗದಿದ್ದರೆ, ಕುಡಿತಕ್ಕೆ ಬಿದ್ದರೆ ಮನೋವೈದ್ಯರನ್ನು ಕಾಣಿಸಿ. ಸಾಯುವ ಮಾತು ಬಾಯಿಂದ ಬಂದರಂತೂ ಒಂದು ದಿನವೂ ತಡಮಾಡದೆ ಕರೆದೊಯ್ಯಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಗೆ 14416ರಲ್ಲಿ ಕರೆಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು.

ಮುಂದಿನ ಬಾರಿ ಸಾವಿನ ಮನೆಗೆ ಹೋದಾಗ 'ಧೈರ್ಯ ತಂದುಕೋ' ಎನ್ನುವ ಮೊದಲು ಒಂದು ಗಳಿಗೆ ಸುಮ್ಮನೆ ಪಕ್ಕದಲ್ಲಿ ಕುಳಿತುಕೊಳ್ಳಿ. ಆಮೇಲೆ 'ರಾತ್ರಿ ನಿದ್ದೆ ಬಂತಾ?' ಎಂದು ಕೇಳಿ. ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳಿ.