ಆರು ದಿನ, ಐದು ಗೆಲುವು

ಮಕ್ಕಳೇ, ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟ ನಮ್ಮ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಎದೆಗವುಚಿಕೊಂಡು ಓಡಬೇಕು. ಎದುರಾಳಿಗಳು ಮೈಮೇಲೆ ಬಿದ್ದು ಕೆಡವುತ್ತಾರೆ. ಒಂದು ಪಂದ್ಯ ಆಡಿದರೆ ಮೈಯೆಲ್ಲ ಹಣ್ಣಾಗುತ್ತದೆ. ಅಲ್ಲಿನ ಕಾಲೇಜು ತಂಡಗಳು ಈಗ ಸಾಮಾನ್ಯವಾಗಿ ವಾರಕ್ಕೊಂದೇ ಪಂದ್ಯ ಆಡುತ್ತವೆ. ಆದರೆ 1899ರಲ್ಲಿ ಒಂದು ಪುಟ್ಟ ಕಾಲೇಜಿನ ತಂಡ ಆರು ದಿನಗಳಲ್ಲಿ ಐದು ಪಂದ್ಯ ಆಡಿ, ಐದನ್ನೂ ಗೆದ್ದಿತ್ತು!

ಟೆನೆಸಿ ರಾಜ್ಯದ ಬೆಟ್ಟದ ಮೇಲಿನ ಊರು ಸುವಾನಿ. ಅಲ್ಲಿನ ತಂಡಕ್ಕೂ ಅದೇ ರಾಜ್ಯದ ವಾಂಡರ್‌ಬಿಲ್ಟ್ ತಂಡಕ್ಕೂ ಆ ವರ್ಷ ಹಣದ ವಿಷಯದಲ್ಲಿ ಜಗಳವಾಗಿ, ಅವರಿಬ್ಬರ ವಾರ್ಷಿಕ ಪಂದ್ಯವೇ ನಿಂತುಹೋಯಿತು. ಟಿಕೆಟಿನಿಂದ ಬರುತ್ತಿದ್ದ ಹಣವೂ ಹೋಯಿತು. ತಂಡದ ಮ್ಯಾನೇಜರ್ ಲ್ಯೂಕ್ ಲೀ ಆಗ 20 ವರ್ಷದ ವಿದ್ಯಾರ್ಥಿ. ನಷ್ಟ ತುಂಬಲು ಅವನು ದೂರದೂರದ ತಂಡಗಳ ಜೊತೆ ಸಾಲಾಗಿ ಪಂದ್ಯ ಗೊತ್ತುಮಾಡಿದ. ಮುಂದೆ ಇದೇ ಹುಡುಗ ಅಮೆರಿಕದ ಸೆನೆಟ್ ಸದಸ್ಯನಾದ.

ಸುಮಾರು 4,000 ಕಿಲೋಮೀಟರ್ ರೈಲು ಪ್ರಯಾಣ. ಹಗಲು ಆಟ, ರಾತ್ರಿ ರೈಲು. ಹೊಸ ನೀರಿಗೆ ಹೊಟ್ಟೆ ಕೆಡದಿರಲೆಂದು ತಮ್ಮೂರ ಚಿಲುಮೆಯ ನೀರನ್ನು ಪೀಪಾಯಿಗಳಲ್ಲಿ ಕೊಂಡೊಯ್ದಿದ್ದರಂತೆ!

ನವೆಂಬರ್ 9ರಂದು ಟೆಕ್ಸಾಸ್ ವಿರುದ್ಧ 12–0. ಮರುದಿನ ಟೆಕ್ಸಾಸ್ ಎ ಅಂಡ್ ಎಂ ವಿರುದ್ಧ 10–0. 11ರಂದು ಟುಲೇನ್ ವಿರುದ್ಧ 23–0. 12 ಭಾನುವಾರ, ವಿಶ್ರಾಂತಿ. 13ರಂದು ಲೂಯಿಸಿಯಾನ ವಿರುದ್ಧ 34–0. 14ರಂದು ಮಿಸಿಸಿಪ್ಪಿ ವಿರುದ್ಧ 12–0. ಐದು ತಂಡಗಳಿಗೂ ಒಂದು ಅಂಕವೂ ದಕ್ಕಲಿಲ್ಲ. ಆ ಋತುವಿನ 12 ಪಂದ್ಯಗಳನ್ನೂ ಸುವಾನಿ ಗೆದ್ದಿತು. ಅವರು ಗಳಿಸಿದ್ದು 322 ಅಂಕ, ಬಿಟ್ಟುಕೊಟ್ಟದ್ದು ಬರೀ 10. ಆ ಹತ್ತನ್ನೂ ಪಡೆದದ್ದು ಆಬರ್ನ್ ತಂಡ.

ಈ ದಾಖಲೆಯನ್ನು ಇನ್ನು ಯಾರೂ ಮುರಿಯಲಾರರು. ಮುರಿಯಲು ಬಿಡುವುದೂ ಇಲ್ಲ. ಇಂದಿನಂಥ ಗಟ್ಟಿ ಹೆಲ್ಮೆಟ್ ಇಲ್ಲದ ಕಾಲವದು. ಆಟದಲ್ಲಿ ಎಷ್ಟೋ ಹುಡುಗರು ಗಾಯಗೊಂಡರು, ಕೆಲವರು ಜೀವವನ್ನೇ ಕಳೆದುಕೊಂಡರು. ಕೊನೆಗೆ 1905ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ದೊಡ್ಡ ಕಾಲೇಜುಗಳವರನ್ನು ಶ್ವೇತಭವನಕ್ಕೆ ಕರೆಸಿ, ಆಟ ಸುಧಾರಿಸಬೇಕೆಂದರು. ಮರುವರ್ಷ ನಿಯಮಗಳು ಬದಲಾದವು. ಗುಂಪಾಗಿ ನುಗ್ಗುವುದಕ್ಕೆ ಕಡಿವಾಣ ಬಿತ್ತು, ಚೆಂಡನ್ನು ಮುಂದಕ್ಕೆ ಎಸೆಯಲು ಅವಕಾಶ ಸಿಕ್ಕಿತು.

ಸುವಾನಿಯ ಹುಡುಗರ ಛಲಕ್ಕೆ ಭೇಷ್ ಎನ್ನೋಣ. ಆದರೆ ಮಕ್ಕಳೇ, ಆಡುವಾಗ ಕಾಲು ಉಳುಕಿದರೆ, ತಲೆಗೆ ಪೆಟ್ಟಾದರೆ ಮುಚ್ಚಿಡಬೇಡಿ. ಆಟ ನಿಲ್ಲಿಸಿ, ದೊಡ್ಡವರಿಗೆ ಹೇಳಿ. ಪಂದ್ಯ ನಾಳೆಯೂ ಇರುತ್ತದೆ.